ಎಲೆ ಉದುರುವ ಕಾಲದಲ್ಲಿ ಪೊಟೋಮ್ಯಾಕ್ ಕಾಲುವೆಯ ಏರಿಯ ಮೇಲೆ

ಕಾಲುವೆ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಗದ್ದೆ, ತೂಬು ಮತ್ತು ನೀರಗಂಟಿ. ಕಾಲುವೆಯ ನೀರು ಬೆಳೆಗಾಗಿ ಹರಿಯತಕ್ಕದ್ದು ಎಂಬುದರಲ್ಲಿ ನಮಗೆ ಸಂದೇಹವೇ ಇಲ್ಲ. ಆದರೆ ಒಂದು ಹನಿ ನೀರನ್ನೂ ಯಾವ ಗದ್ದೆಗೂ ಕೊಡದ, ಕೊಡಬೇಕೆಂಬ ಉದ್ದೇಶವೂ ಇರದ ಕಾಲುವೆಯೊಂದನ್ನು ಇಪ್ಪತ್ತೆರಡು ವರ್ಷ ಶ್ರಮಪಟ್ಟು ತೋಡಿದ ಜನ ಇದ್ದರು. ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯಲ್ಲಿ ಹೊರಟು, ಪೊಟೋಮ್ಯಾಕ್ ನದಿಯ ಎಡದಂಡೆಯನ್ನೇ ಹಿಡಿದು, ಮೇರಿಲ್ಯಾಂಡ್ ಸಂಸ್ಥಾನದ ಕಂಬರ್‌ಲೆಂಡ್ ಊರಿನವರೆಗೆ 184.5 ಮೈಲಿ ಸಾಗುವ ಚೆಸಪೀಕ್ ಮತ್ತು ಓಹಾಯೋ ಕಾಲುವೆಯೇ ಅದು. ಅಲ್ಲಿ ನೀರೇ ರಸ್ತೆ. ಗಾಡಿಯ ಬದಲು ದೋಣಿ. ಎತ್ತಿನ ಬದಲು ಹೇಸರಗತ್ತೆ. ಕಾಲುವೆಯ ಪಕ್ಕದ ಏರಿಯ ಮೇಲೆ ಹೇಸರಗತ್ತೆಗಳು ನಡೆಯುತ್ತಿದ್ದುವು. ಅವುಗಳ ಕೊರಳಪಟ್ಟಿಗೆ ಬಿಗಿದ ಉದ್ದನೆಯ ಹಗ್ಗದ ತುದಿಯಲ್ಲಿ ದೋಣಿ ನಿಧಾನವಾಗಿ ತೇಲಿ ಬರುತ್ತಿತ್ತು. ಕೊನೆಯ ದೋಣಿ ಹೋಗಿ ನೂರು ವರ್ಷ ದಾಟಿತು. ಏರಿ ಮಾತ್ರ ಉಳಿದಿದೆ. ಇಂದು ಅದರ ಮೇಲೆ ನಡೆಯುವವರು, ಸೈಕಲ್ ತುಳಿಯುವವರು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರು.

ಈ ಏರಿಯ ಮೇಲೆ ನಿಮ್ಮನ್ನು ಒಂದಿಷ್ಟು ದೂರ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ. ಹೊರಡುವುದಾದರೆ ಅಕ್ಟೋಬರ್ ತಿಂಗಳಲ್ಲಿ ಹೊರಡೋಣ. ನಮ್ಮ ಕಾಡುಗಳಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಅದೂ ಹೆಚ್ಚಿನ ಸಡಗರವಿಲ್ಲದೆ, ಒಣಗಿ, ಕಂದಿ, ಉದುರಿಹೋಗುತ್ತದೆ. ಅಲ್ಲಿಯ ಮರಗಳು ಶರತ್ಕಾಲದಲ್ಲೇ ಎಲೆ ಬಿಡಲು ಸಿದ್ಧವಾಗುತ್ತವೆ. ಬಿಡುವ ಮೊದಲು ಒಂದೆರಡು ವಾರ ಬಣ್ಣ ಉಟ್ಟು ನಿಲ್ಲುತ್ತವೆ. ಹಗಲು ಕುಗ್ಗಿ, ರಾತ್ರಿ ತಣ್ಣಗಾಗುತ್ತಿದ್ದಂತೆ ಎಲೆಯಲ್ಲಿರುವ ಪತ್ರಹರಿತ್ತು ಕರಗುತ್ತದೆ. ಬೇಸಗೆಯಿಡೀ ಅದರ ಮರೆಯಲ್ಲಿದ್ದ ಹಳದಿ ಆಗ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಮರೆಯಲ್ಲಿದ್ದುದಲ್ಲ. ಬಿಸಿಲಿನ ಹಗಲು, ಚಳಿಯ ರಾತ್ರಿ ಎರಡೂ ಕೂಡಿಬಂದ ವರ್ಷ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಹುಟ್ಟುವುದು. ಆದ್ದರಿಂದಲೇ ಹಳದಿ ಪ್ರತಿವರ್ಷವೂ ಉಂಟು. ಕೆಂಪಿನ ಸೊಗಸು ಒಂದೊಂದು ವರ್ಷಕ್ಕೆ ಒಂದೊಂದು ಬಗೆ. ಪಶ್ಚಿಮದ ಬೆಟ್ಟಗಳಲ್ಲಿ ಅಕ್ಟೋಬರ್ ನಡುವಿನಲ್ಲಿ ತೊಡಗುವ ಈ ಬಣ್ಣ ನದಿಯೊಡನೆ ಇಳಿದು ಬಂದು ವಾಷಿಂಗ್ಟನ್ ತಲಪುವ ವೇಳೆಗೆ ತಿಂಗಳ ಕೊನೆ, ಇಲ್ಲವೇ ನವೆಂಬರಿನ ಮೊದಲ ವಾರ.

ಮೊದಲು ಕಾಲುವೆಯ ಯಂತ್ರರಹಸ್ಯವನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾದೀತು. ಜಾರ್ಜ್‌ಟೌನಿಗಿಂತ ಕಂಬರ್‌ಲೆಂಡ್ ಸುಮಾರು 605 ಅಡಿ ಎತ್ತರದಲ್ಲಿದೆ. ನೀರು ಓಡಿಹೋಗದೆ ನಿಂತಿರಬೇಕು, ದೋಣಿ ಮಾತ್ರ ಬೆಟ್ಟ ಹತ್ತಬೇಕು. ಇದು ಹೇಗೆ? ಮೆಟ್ಟಿಲುಗಳ ಮೂಲಕ. ಕಾಲುವೆಯನ್ನು ಮಟ್ಟಸವಾದ ತುಂಡುಗಳಾಗಿ ತೋಡಿ, ತುಂಡು ತುಂಡಿನ ನಡುವೆ ಒಂದೊಂದು ಲಾಕ್ ಕಟ್ಟಿದರು. ಲಾಕ್ ಎಂದರೆ ಎರಡು ತುದಿಗೂ ಜೋಡಿಬಾಗಿಲಿರುವ ಕಲ್ಲಿನ ತೊಟ್ಟಿ, ಸುಮಾರು 100 ಅಡಿ ಉದ್ದ, 15 ಅಡಿ ಅಗಲ. ಕೆಳಗಿನ ಬಾಗಿಲು ತೆರೆದು ದೋಣಿಯನ್ನು ಒಳಕ್ಕೆ ತಂದು, ಬಾಗಿಲು ಮುಚ್ಚಿ, ಮೇಲಿನ ಬಾಗಿಲಿನ ಕಿಂಡಿಗಳನ್ನು ತೆರೆದರೆ ನೀರು ತುಂಬುತ್ತದೆ. ನೀರಿನೊಡನೆ ದೋಣಿಯೂ ಏಳೆಂಟು ಅಡಿ ಮೇಲೇಳುತ್ತದೆ. ಮೇಲಿನ ಬಾಗಿಲು ತೆರೆದು ಮುಂದಕ್ಕೆ ಹೋಗಬಹುದು. ಹೀಗೆ 74 ಮೆಟ್ಟಿಲು. ಬಾಗಿಲು ಮುಚ್ಚಿದಾಗ ಎರಡು ರೆಕ್ಕೆಗಳೂ ನೀರು ಬರುವ ದಿಕ್ಕಿಗೆ ಮೂತಿ ಮಾಡಿ ಕೂಡಿಕೊಳ್ಳುತ್ತವೆ. ನೀರು ಎಷ್ಟು ಒತ್ತಿದರೆ ಅಷ್ಟು ಬಿಗಿ! ಅಗುಳಿಯೇ ಬೇಡ. ಈ ಯುಕ್ತಿಗೆ ಲಿಯನಾರ್ಡೊ ಡಾ ವಿಂಚಿಯ ಹೆಸರನ್ನು ಹೇಳುವುದುಂಟು.

ಲಾಕಿನ ಪಕ್ಕದಲ್ಲಿ ಒಂದು ಪುಟ್ಟ ಮನೆ. ಅದರಲ್ಲಿ ಲಾಕ್ ಕಾಯುವವನ ಸಂಸಾರ. ಮೊದಲ ಕಾಲದಲ್ಲಿ ಅವನಿಗೆ ವರ್ಷಕ್ಕೆ 150 ಡಾಲರ್ ಸಂಬಳ, ಇರಲು ಮನೆ, ತರಕಾರಿಗೆ ಒಂದು ತುಂಡು ಹಿತ್ತಿಲು. ಪ್ರತಿಯಾಗಿ ಹಗಲು ರಾತ್ರಿಯೆನ್ನದೆ, ದೋಣಿಯವನು ಕೊಂಬು ಊದಿದಾಗ ಎದ್ದು ಬಂದು ಬಾಗಿಲು ತೆರೆಯತಕ್ಕದ್ದು. ಸುಣ್ಣ ಬಳಿದ ಈ ಮನೆಗಳಲ್ಲಿ ಕೆಲವು ಇನ್ನೂ ನಿಂತಿವೆ. ಒಂದೆರಡರಲ್ಲಿ ಪ್ರವಾಸಿಗಳು ರಾತ್ರಿ ತಂಗುವ ಏರ್ಪಾಡೂ ಇದೆ. ಹಳದಿ ಎಲೆಗಳ ನಡುವೆ ಬಿಳಿಯ ಗೋಡೆ, ಮುಂದೆ ಕಪ್ಪು ನೀರು. ಕ್ಯಾಮೆರಾ ಹಿಡಿದವರು ಮೊದಲು ನಿಲ್ಲುವುದು ಇಲ್ಲಿಯೇ. ನೀವೂ ನಿಲ್ಲುವಿರಿ, ನಿಲ್ಲಿ. ಆದರೆ ಚಿತ್ರ ತೆಗೆದಾದ ಮೇಲೆ ಲಾಕಿನ ಅಂಚಿನ ಕಲ್ಲಿನ ಕಡೆಗೂ ಒಮ್ಮೆ ಬಗ್ಗಿ ನೋಡಿ. ಕಲ್ಲುಕುಟಿಗರು ತಂತಮ್ಮ ಗುರುತನ್ನು ಉಳಿಯಿಂದ ಕೆತ್ತಿದ್ದಾರೆ. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಹುಗಿಯುವಷ್ಟು ಗೀರು ಬಿದ್ದಿದೆ. ನಮ್ಮ ಹಳೆಯ ಸೇದುವ ಬಾವಿಗಳ ಕಟ್ಟೆಯ ಮೇಲೆ ಇಂಥ ಗೀರನ್ನು ಕಂಡವರಿಗೆ ಇದು ಹೊಸದಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಗೀರುಗಳಲ್ಲಿ ನೆರಳು ತುಂಬಿ ಅವು ಚೆನ್ನಾಗಿ ಕಾಣುತ್ತವೆ. ನಡುಹಗಲಿನಲ್ಲಿ ಏನೂ ಕಾಣುವುದಿಲ್ಲ.

ಕಾಲುವೆಯ ಕಥೆ ಆರಂಭವಾಗುವುದು ಒಂದು ಪಂದ್ಯದಿಂದ. ಪೊಟೋಮ್ಯಾಕ್ ನದಿಯ ಮೂಲಕ ಪಶ್ಚಿಮದ ಬೆಟ್ಟಗಳಾಚೆಗೆ ವ್ಯಾಪಾರದ ದಾರಿ ತೆರೆಯಬೇಕೆಂಬುದು ಜಾರ್ಜ್ ವಾಷಿಂಗ್ಟನ್ನರ ಬಹುಕಾಲದ ಕನಸು. ಅದಕ್ಕಾಗಿ 1785ರಲ್ಲಿಯೇ ಅವರ ಮುಂದಾಳುತನದಲ್ಲಿ ಒಂದು ಕಂಪನಿ ಏರ್ಪಟ್ಟಿತ್ತು. ಆಮೇಲೆ 1825ರಲ್ಲಿ ನ್ಯೂಯಾರ್ಕಿನವರು 363 ಮೈಲಿಯ ಈರಿ ಕಾಲುವೆಯನ್ನು ಮುಗಿಸಿ ಹಣ ಬಾಚತೊಡಗಿದಾಗ ಉಳಿದ ಊರುಗಳಿಗೆ ನಿದ್ರೆ ಬರಲಿಲ್ಲ. 1828ನೆಯ ಇಸವಿ ಜುಲೈ 4, ಸ್ವಾತಂತ್ರ್ಯದ ದಿನ, ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ವಾಷಿಂಗ್ಟನ್ನಿನ ಬಳಿ ಗುದ್ದಲಿಪೂಜೆಗೆ ಬಂದರು. ಮೊದಲ ಪೆಟ್ಟಿಗೇ ಗುದ್ದಲಿ ಬೇರಿಗೆ ತಗುಲಿತು. ಇನ್ನೊಮ್ಮೆ ಹಾಕಿದರು, ಮಣ್ಣು ಏಳಲಿಲ್ಲ. ಅಧ್ಯಕ್ಷರು ಕೋಟು ಕಳಚಿ ಎಸೆದು ಮತ್ತೆ ಅಗೆದರು. ನೆರೆದ ಜನ ಅವರ ಭಾಷಣಕ್ಕಿಂತ ಇದಕ್ಕೇ ಹೆಚ್ಚು ಹರ್ಷೋದ್ಗಾರ ಮಾಡಿದರಂತೆ. ಅದೇ ದಿನ, ನಲವತ್ತು ಮೈಲಿ ಆಚೆಯ ಬಾಲ್ಟಿಮೋರ್ ನಗರದಲ್ಲಿ ಇನ್ನೊಂದು ಉತ್ಸವ. ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರಲ್ಲಿ ಆಗ ಬದುಕುಳಿದಿದ್ದ ಒಬ್ಬರೇ ಒಬ್ಬರಾದ ತೊಂಬತ್ತು ವರ್ಷದ ಚಾರ್ಲ್ಸ್ ಕ್ಯಾರೊಲ್, ಬಾಲ್ಟಿಮೋರ್ ಮತ್ತು ಓಹಾಯೋ ರೈಲುಮಾರ್ಗದ ಮೊದಲ ಕಲ್ಲನ್ನು ಇಟ್ಟರು. ಇಬ್ಬರ ಗುರಿಯೂ ಒಂದೇ, ಓಹಾಯೋ ನದಿ. ಯಾರು ಮೊದಲು?

ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ ಬೆಟ್ಟ ನದಿಗೆ ಚಾಚಿಕೊಂಡಿದೆ. ನಡುವೆ ಉಳಿದಿರುವುದು ಕಿರಿದಾದ ಒಂದು ಪಟ್ಟಿ. ಅದು ತನಗೆ ಬೇಕೆಂದು ಕಾಲುವೆ, ತನಗೆ ಬೇಕೆಂದು ರೈಲು. ವ್ಯಾಜ್ಯ ಕೋರ್ಟಿಗೆ ಹೋಗಿ 1832ರಲ್ಲಿ ಕಾಲುವೆಯ ಕಡೆಗೆ ತೀರ್ಪಾಯಿತು. ಕೋರ್ಟಿನಲ್ಲಿ ಗೆದ್ದವರು ಹೊರಗೆ ಸೋತರು. ರೈಲು 1842ರಲ್ಲಿಯೇ ಕಂಬರ್‌ಲೆಂಡ್ ತಲಪಿತು. ಕಾಲುವೆ ಅಲ್ಲಿಗೆ ಮುಟ್ಟಿದ್ದು 1850ರ ಅಕ್ಟೋಬರಿನಲ್ಲಿ, ಒಂದು ಕೋಟಿ ಡಾಲರಿಗೂ ಮಿಗಿಲು ಹಣವನ್ನು ನುಂಗಿ. ಅಲ್ಲಿಗೆ ಸಾಕಾಗಿ ಕೂತುಬಿಟ್ಟಿತು. ಹೆಸರಿನಲ್ಲಿ ಮಾತ್ರ ಓಹಾಯೋ ಉಳಿಯಿತು.

ಚಂದದ ಚಿತ್ರಗಳಲ್ಲಿ ಎಂದೂ ಬೀಳದ ಮಾತೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಕಾಲುವೆಯನ್ನು ತೋಡಿದವರಲ್ಲಿ ಬಹುಮಂದಿ ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಬಡವರು. ಜರ್ಮನರು, ವೇಲ್ಸ್ ದೇಶದವರು, ಇಂಗ್ಲಿಷರೂ ಇದ್ದರು. ಗುದ್ದಲಿ, ಸಲಿಕೆ, ತಳ್ಳುಗಾಡಿ, ಕರಿಮದ್ದು, ಇಷ್ಟೇ ಅವರ ಸಾಮಗ್ರಿ. 1832ರಲ್ಲಿ ಕಾಲರಾ ಈ ಶಿಬಿರಗಳಿಗೆ ಬಂತು. ಕೆಲಸ ಬಿಟ್ಟು ಓಡಿದವರು ಅನೇಕರು. ದಾರಿಯಲ್ಲೇ ಸತ್ತವರೂ ಅನೇಕರು. 1834ರ ಜನವರಿಯಲ್ಲಿ ವಿಲಿಯಮ್ಸ್‌ಪೋರ್ಟಿನ ಸಮೀಪ, ಇದ್ದ ಕೆಲಸವೆಲ್ಲ ಯಾರ ಪಾಲಿಗೆ ಎಂದು ಐರಿಷ್ ಕೂಲಿಗಳ ಎರಡು ಪಂಗಡಗಳು ಹೊಡೆದಾಡಿ ಹೆಣ ಬಿದ್ದುವು. ಅಧ್ಯಕ್ಷ ಆಂಡ್ರೂ ಜಾಕ್ಸನ್ ಸೈನ್ಯವನ್ನೇ ಕಳುಹಿಸಿದರು. ಕೂಲಿಕಾರರ ಜಗಳಕ್ಕೆ ಆ ದೇಶದ ಕೇಂದ್ರ ಸೈನ್ಯ ಹೋದದ್ದು ಅದೇ ಮೊದಲು. ಈಗ ಅಲ್ಲಿ ಸೈಕಲ್ ಸವಾರರು ಕುಳಿತು ಉಪಾಹಾರ ಮಾಡುತ್ತಾರೆ. ಸತ್ತವರ ಗೋರಿಗಳನ್ನು ಹುಡುಕಿದರೆ ಹೆಚ್ಚಿನವು ಸಿಕ್ಕುವುದಿಲ್ಲ. ಸಿಕ್ಕುವುದು ಅವರು ಕೂಡಿಸಿದ ಕಲ್ಲು.

ಆ ಕಲ್ಲಿನ ಕೆಲಸವನ್ನು ನೋಡಬೇಕಾದರೆ ಮೊನೋಕಸಿ ಉಪನದಿಯ ಮೇಲಿನ ಸೇತುವೆಗೆ ಬನ್ನಿ. ಇದು ಜನ ದಾಟುವ ಸೇತುವೆಯಲ್ಲ. ಕಾಲುವೆಯೇ ನದಿಯನ್ನು ದಾಟುವ ಸೇತುವೆ. ಕೆಳಗೆ ನದಿ ಹರಿಯುತ್ತಿರುತ್ತದೆ, ಮೇಲೆ ಕಲ್ಲಿನ ದೋಣೆಯಲ್ಲಿ ಇನ್ನೊಂದು ನೀರು, ಅದರ ಮೇಲೆ ದೋಣಿ! ಇಂಥವು ಈ ಕಾಲುವೆಗೆ ಹನ್ನೊಂದು. ಎಲ್ಲಕ್ಕಿಂತ ದೊಡ್ಡದು ಇದು. 1829ರಿಂದ 1833ರವರೆಗೆ ಕಟ್ಟಿದರು. ಒಂದೊಂದೂ 54 ಅಡಿ ಹರವಿನ ಏಳು ಕಮಾನುಗಳು. ದಡದ ಕಟ್ಟಡವೂ ಸೇರಿ 516 ಅಡಿ ಉದ್ದ. ಸಮೀಪದ ಶುಗರ್‌ಲೋಫ್ ಬೆಟ್ಟದ ಬುಡದಿಂದ ತಂದ ಕಲ್ಲು ಬಿಳಿ, ಅಲ್ಲಲ್ಲಿ ನಸುಗೆಂಪು. 1862ರ ಸೆಪ್ಟೆಂಬರಿನಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದ ಸೈನ್ಯದವರು ಇದನ್ನು ಸಿಡಿಸಬೇಕೆಂದು ಬಂದರು. ಕಲ್ಲಿನ ನಡುವೆ ಮದ್ದು ತುಂಬಲು ತೂತು ಕೊರೆಯುವುದೇ ಆಗಲಿಲ್ಲ; ಕೈಬಿಟ್ಟು ಹೋದರು. ಸೈನಿಕರಿಂದಾಗದ್ದನ್ನು ನೆರೆಗಳು ಸ್ವಲ್ಪ ಸ್ವಲ್ಪವೇ ಮಾಡತೊಡಗಿದುವು. 1972ರ ಏಗ್ನಿಸ್ ಚಂಡಮಾರುತದ ನೆರೆಯ ಅನಂತರ ಇದು ಬಿದ್ದೇಹೋದೀತೆಂದು ಉಕ್ಕಿನ ಪಟ್ಟಿಗಳಿಂದ ಬಿಗಿದು ಬಹುವರ್ಷ ಹಾಗೆಯೇ ಇಟ್ಟಿದ್ದರು. ಕೊನೆಗೆ 2005ರಲ್ಲಿ ದುರಸ್ತಿ ಪೂರೈಸಿ, ಪಟ್ಟಿ ಕಳಚಿ, ಕಮಾನುಗಳನ್ನು ಮತ್ತೆ ಕಣ್ಣಿಗೆ ಬಿಟ್ಟರು.

ಇದರ ಚಿತ್ರ ತೆಗೆಯುವವರಿಗೆ ಒಂದು ಸಣ್ಣ ಸಲಹೆ. ಮೇಲೆ ನಿಂತು ತೆಗೆದರೆ ಬರಿಯ ಹಾದಿಯೊಂದು ಬಂದೀತು. ಕೆಳಗಿಳಿದು ನದಿಯ ದಡಕ್ಕೆ ಹೋಗಿ. ಗಾಳಿಯಿಲ್ಲದ ಮುಂಜಾನೆ ಏಳು ಕಮಾನುಗಳೂ ನೀರಿನಲ್ಲಿ ಮೂಡಿ ಏಳು ವೃತ್ತಗಳಾಗುತ್ತವೆ. ಎಲೆಯ ಬಣ್ಣಕ್ಕೆ ಪ್ರಖರವಾದ ಬಿಸಿಲೇ ಬೇಕೆಂದು ಎಣಿಸಬೇಡಿ. ತೆಳುಮೋಡದ ದಿನ, ಅದರಲ್ಲೂ ಮಳೆ ನಿಂತ ಮರುಗಳಿಗೆ, ಒದ್ದೆ ಎಲೆಯ ಬಣ್ಣ ಇಮ್ಮಡಿಯಾಗಿರುತ್ತದೆ. ಈಗ ಎಲ್ಲರ ಜೇಬಿನಲ್ಲಿಯೂ ಇರುವ ಫೋನಿನ ಕ್ಯಾಮೆರಾ ಸಾಲದೆ ಎಂದು ಕೇಳಿದರೆ, ಸಾಕು. ಸಾಲದ್ದು ಸಾಮಾನ್ಯವಾಗಿ ನಮ್ಮ ತಾಳ್ಮೆ.

ಮುಂದಕ್ಕೆ ನಡೆದರೆ ಹಾರ್ಪರ್ಸ್ ಫೆರಿಯ ಎದುರುದಡ. ಶೆನಂಡೋವ ನದಿ ಬಂದು ಪೊಟೋಮ್ಯಾಕನ್ನು ಕೂಡುವ ಸ್ಥಳ. 1859ರ ಅಕ್ಟೋಬರಿನಲ್ಲಿ, ಇದೇ ಎಲೆ ಕೆಂಪಾಗುವ ದಿನಗಳಲ್ಲಿ, ಗುಲಾಮಗಿರಿಯನ್ನು ಕಿತ್ತೊಗೆಯಬೇಕೆಂದು ಹಟತೊಟ್ಟ ಜಾನ್ ಬ್ರೌನ್ ಬೆರಳೆಣಿಕೆಯ ಸಂಗಡಿಗರೊಡನೆ ಮೇರಿಲ್ಯಾಂಡಿನ ಕಡೆಯಿಂದ ರಾತ್ರೋರಾತ್ರಿ ನದಿ ದಾಟಿ ಅಲ್ಲಿಯ ಸರ್ಕಾರಿ ಆಯುಧಾಗಾರಕ್ಕೆ ನುಗ್ಗಿದ್ದು. ಅವನನ್ನು ಹಿಡಿದು ಡಿಸೆಂಬರಿನಲ್ಲಿ ಗಲ್ಲಿಗೆ ಹಾಕಿದರು. ಒಂದೂವರೆ ವರ್ಷದೊಳಗೆ ಅಂತರ್ಯುದ್ಧ ಹೊತ್ತಿತು. ಯುದ್ಧದ ನಾಲ್ಕು ವರ್ಷ ಈ ನದಿಯೇ ಗಡಿ. ಗಡಿಯ ಅಂಚಿನಲ್ಲಿ ಕಾಲುವೆ.

ಇನ್ನು ಸ್ವಲ್ಪ ಮೇಲಕ್ಕೆ ಶಾರ್ಪ್ಸ್‌ಬರ್ಗ್ ಎಂಬ ಊರು, ಅದರ ಪಕ್ಕದಲ್ಲಿ ಆಂಟೀಟಮ್ ಹೊಳೆ. 1862ರ ಸೆಪ್ಟೆಂಬರ್ 17ರಂದು ಇಲ್ಲಿ ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಊರಿನ ಹೆಂಗಸರು ಮಕ್ಕಳು ಬಂದು ಅಡಗಿದ್ದು ಕಾಲುವೆಯ ಪಕ್ಕದ ಬಂಡೆಯಲ್ಲಿರುವ ಕಿಲಿಯನ್ಸ್‌ಬರ್ಗ್ ಗವಿಯಲ್ಲಿ. ಏರಿಯ ಮೇಲೆ ನಡೆಯುವಾಗ ಅದು ಇಂದಿಗೂ ಕಾಣುತ್ತದೆ. ಛಾಯಾಚಿತ್ರದ ಅಭಿಮಾನಿಗಳು ಇಲ್ಲಿ ಕ್ಷಣಹೊತ್ತು ನಿಲ್ಲಲೇಬೇಕಾದ ಇನ್ನೊಂದು ಕಾರಣವುಂಟು. ಕದನ ಮುಗಿದು ಎರಡು ದಿನಕ್ಕೆ ಅಲೆಗ್ಸಾಂಡರ್ ಗಾರ್ಡ್ನರ್ ಎಂಬ ಸ್ಕಾಟ್ಲೆಂಡ್ ಮೂಲದ ಛಾಯಾಗ್ರಾಹಕ ತನ್ನ ಗಾಡಿಯೊಡನೆ ಇಲ್ಲಿಗೆ ಬಂದ. ಗಾಡಿಯೇ ಅವನ ಕತ್ತಲೆಕೋಣೆ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರಾವಣ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆ ಆರುವುದರೊಳಗೆ ಓಡಿಹೋಗಿ ಚಿತ್ರ ತೆಗೆದು, ಓಡಿಬಂದು ಗಾಡಿಯೊಳಗೆ ತೊಳೆಯಬೇಕು. ಹತ್ತು ನಿಮಿಷ ತಡವಾದರೆ ಶ್ರಮವೆಲ್ಲ ವ್ಯರ್ಥ. ಅಲುಗುವುದನ್ನು ಆ ಕ್ಯಾಮೆರಾ ಹಿಡಿಯಲಾರದು. ಆದ್ದರಿಂದ ಕಾದಾಟದ ಚಿತ್ರಗಳಿಲ್ಲ. ಹೊಲದಲ್ಲಿ, ಬೇಲಿಯ ಪಕ್ಕದಲ್ಲಿ, ಹಳ್ಳದ ದಾರಿಯಲ್ಲಿ ಬಿದ್ದಿದ್ದವರ ಚಿತ್ರಗಳಿವೆ. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಥ್ಯೂ ಬ್ರೇಡಿಯ ಚಿತ್ರಶಾಲೆಯಲ್ಲಿ ಅವನ್ನು ಪ್ರದರ್ಶನಕ್ಕಿಟ್ಟರು. ಅಲ್ಲಿಯವರೆಗೆ ಪತ್ರಿಕೆಯಲ್ಲಿ ಹೆಸರುಗಳ ಪಟ್ಟಿಯನ್ನಷ್ಟೇ ಓದುತ್ತಿದ್ದ ಜನ, ತಮ್ಮ ಯುದ್ಧದಲ್ಲಿ ಸತ್ತವರ ಮುಖವನ್ನು ಮೊದಲಬಾರಿಗೆ ಕಂಡರು. ಈ ದಂಡೆಯ ಮೇಲೆ ತೆಗೆದ ಚಿತ್ರಗಳಲ್ಲಿ ಅತ್ಯಂತ ಮುಖ್ಯವಾದವು ಯಾವುವೆಂದು ನನ್ನನ್ನು ಕೇಳಿದರೆ ನಾನು ಇವನ್ನೇ ಹೇಳುವೆನು. ಅವುಗಳಲ್ಲಿ ಬಣ್ಣವೇ ಇಲ್ಲ.

ಯುದ್ಧ ಮುಗಿದ ಮೇಲೆ ಕಾಲುವೆಗೆ ಒಳ್ಳೆಯ ದಿನಗಳು ಬಂದುವು. 1870ರ ದಶಕದಲ್ಲಿ ದೋಣಿಗಳ ಸಾಲೇ ಸಾಲು. ಕಂಬರ್‌ಲೆಂಡಿನ ಗಣಿಗಳ ಕಲ್ಲಿದ್ದಲನ್ನು ತುಂಬಿ ಕೆಳಗಿಳಿಯುವುದು, ಬರಿದಾಗಿ ಮೇಲೇರುವುದು. ಒಂದು ದೋಣಿ 90 ಅಡಿಗೂ ಉದ್ದ, ಲಾಕಿನ ಗೋಡೆಗೆ ಬೆರಳು ತೂರಿಸುವಷ್ಟೇ ಎಡೆ. ಹೊರುವುದು ಸುಮಾರು 120 ಟನ್. ಇಷ್ಟನ್ನೂ ಎಳೆಯಲು ಎರಡೋ ಮೂರೋ ಹೇಸರಗತ್ತೆ ಸಾಕಾಗುತ್ತಿತ್ತು! ನೀರಿನ ಮೇಲೆ ಭಾರ ಹಗುರ. ಇನ್ನೊಂದು ಜೊತೆ ಹೇಸರಗತ್ತೆ ದೋಣಿಯ ಮೂತಿಯಲ್ಲಿದ್ದ ಲಾಯದಲ್ಲಿ ಮೇವು ತಿನ್ನುತ್ತ ವಿಶ್ರಮಿಸುತ್ತಿದ್ದುವು. ಆರು ಗಂಟೆಗೊಮ್ಮೆ ಪಾಳಿ ಬದಲು. ದೋಣಿಯ ಹಿಂಭಾಗದ ಸಣ್ಣ ಕೋಣೆಯಲ್ಲಿ ಯಜಮಾನನ ಸಂಸಾರ. ಹೆಂಡತಿ ಅಡಿಗೆ ಮಾಡುವಳು, ಚುಕ್ಕಾಣಿಯನ್ನೂ ಹಿಡಿಯುವಳು. ಕೂಸುಗಳು ನೀರಿಗೆ ಬೀಳದಂತೆ ಅವಕ್ಕೆ ಹಗ್ಗ ಕಟ್ಟಿರುತ್ತಿದ್ದರು. ಸ್ವಲ್ಪ ಬೆಳೆದ ಹುಡುಗ ಹುಡುಗಿಯರ ಕೆಲಸ, ಏರಿಯ ಮೇಲೆ ಹೇಸರಗತ್ತೆಗಳ ಜೊತೆಗೆ ನಡೆಯುವುದು, ಅನೇಕ ವೇಳೆ ಬರಿಗಾಲಿನಲ್ಲಿ. ನೀವು ಶಬ್ದಮಾಡುವ ಒಣಎಲೆಗಳನ್ನು ತುಳಿದು ಹರ್ಷಪಡುವ ಹಾದಿಯನ್ನು ಹದಗೊಳಿಸಿದ್ದು ಈ ಮಕ್ಕಳ ಕಾಲು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಕೆಲಸ ನಿಂತಂತೆ, ಸಂಪಾದನೆಯೂ ನಿಂತಂತೆ. ಹೀಗಾಗಿ ದೋಣಿಯವರಿಗೆ ಎಲೆ ಕೆಂಪಾಗುವುದೆಂದರೆ ಸೊಬಗಲ್ಲ. ಇನ್ನೆಷ್ಟು ಸರತಿ ಹೋಗಿಬರಬಹುದು ಎಂಬ ಲೆಕ್ಕಾಚಾರ.

1889ರ ಮೇ ಕೊನೆಯಲ್ಲಿ ಬಂದ ಮಹಾಮಳೆ ಏರಿಯನ್ನು ನೂರಾರು ಕಡೆ ಕಿತ್ತುಕೊಂಡು ಹೋಯಿತು. ದಿವಾಳಿಯಾದ ಕಾಲುವೆ ಸೇರಿದ್ದು ಯಾರ ಕೈಗೆ ಬಲ್ಲಿರಾ? ಹಳೆಯ ವೈರಿಯಾದ ರೈಲು ಕಂಪನಿಯ ಕೈಗೆ. ಅದು ಕಾಲುವೆಯನ್ನು ಹೇಗೋ ಕುಂಟಿಸಿಕೊಂಡು ನಡೆಸಿತು. 1924ರ ನೆರೆಯ ಅನಂತರ ರಿಪೇರಿ ಮಾಡಲೇ ಇಲ್ಲ. ನೀರು ಬತ್ತಿತು, ಲಾಕುಗಳ ಒಳಗೆ ಮರ ಹುಟ್ಟಿದುವು. 1938ರಲ್ಲಿ ಕೇಂದ್ರ ಸರ್ಕಾರ 20 ಲಕ್ಷ ಡಾಲರಿಗೆ ಇದನ್ನು ಕೊಂಡಿತು. ನಿರುದ್ಯೋಗದ ಆ ದಿನಗಳಲ್ಲಿ ಸರ್ಕಾರಿ ಪಡೆಯ ಕರಿಯ ತರುಣರು ಕೆಳಗಿನ 22 ಮೈಲಿಯನ್ನು ಸರಿಪಡಿಸಿ ನೀರು ಬಿಟ್ಟರು. ವಾಷಿಂಗ್ಟನ್ನಿನವರು ಇಂದು ಸಂಜೆ ಹೊತ್ತು ತಿರುಗಾಡುವುದು ಆ ಭಾಗದಲ್ಲಿ.

ಉಳಿದ 160 ಮೈಲಿ? ಅದರ ಮೇಲೆ ಮೋಟಾರು ರಸ್ತೆ ಹಾಕಿಬಿಡೋಣ ಎಂಬ ಯೋಜನೆ 1950ರ ಹೊತ್ತಿಗೆ ಸಿದ್ಧವಾಯಿತು. ಸಂಸಾರಸಮೇತ ಕಾರಿನಲ್ಲಿ ಕುಳಿತು ನದಿಯ ಸೊಬಗನ್ನು ಸವಿಯಬಹುದಲ್ಲ ಎಂಬುದು ವಾದ. ಕೆಟ್ಟ ವಾದವೇನೂ ಅಲ್ಲ. ಯೋಜನೆಯನ್ನು ಮುಂದಿಟ್ಟವರಲ್ಲಿ ಉದ್ಯಾನ ಇಲಾಖೆಯವರೂ ಇದ್ದರು. 1954ರ ಜನವರಿ 3ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಎರಡು ವಾರದ ಮೇಲೆ ಅದೇ ಪತ್ರಿಕೆಯಲ್ಲಿ ಒಂದು ಓಲೆ ಪ್ರಕಟವಾಯಿತು. ಬರೆದವರು ವಿಲಿಯಂ ಡಗ್ಲಾಸ್, ಆ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ, ಗಟ್ಟಿ ನಡಿಗೆಗಾರರು. ಹಿಮಾಲಯದ ಹಾದಿಗಳಲ್ಲಿಯೂ ನಡೆದು ಪುಸ್ತಕ ಬರೆದವರು. ಕಾರಿನಲ್ಲಿ ಹೋಗುವವನ ಕಣ್ಣಿಗೆ ಈ ದಾರಿಯ ಹಕ್ಕಿಯೂ ಬೀಳದು, ಹೂವೂ ಬೀಳದು. ಸಂಪಾದಕರು ನನ್ನೊಡನೆ ಬೆನ್ನಿಗೆ ಗಂಟುಕಟ್ಟಿಕೊಂಡು ಪೂರಾ ದಾರಿ ನಡೆದು ಬರಲಿ, ಆಮೇಲೆ ಬೇರೆ ಸಂಪಾದಕೀಯ ಬರೆಯುವರು, ಎಂಬುದು ಓಲೆಯ ತಾತ್ಪರ್ಯ. ಸಂಪಾದಕರು ಪಂದ್ಯ ಒಪ್ಪಿಕೊಂಡರು!

ಮಾರ್ಚ್ 20ರಂದು ಕಂಬರ್‌ಲೆಂಡಿನ ಕಡೆಯಿಂದ ತಂಡ ಹೊರಟಿತು. ನ್ಯಾಯಮೂರ್ತಿಗೆ ಆಗ ಐವತ್ತೈದು ವರ್ಷ. ಓಲಸ್ ಮ್ಯೂರಿ, ಸಿಗರ್ಡ್ ಓಲ್ಸನ್‌ರಂಥ ಹೆಸರಾಂತ ನಿಸರ್ಗಪ್ರೇಮಿಗಳಿದ್ದರು, ಪತ್ರಿಕೆಯ ಇಬ್ಬರು ಸಂಪಾದಕರಿದ್ದರು, ಸುದ್ದಿಗಾರರಿದ್ದರು. ಊರೂರಿನಲ್ಲಿ ಜನ ಬಂದು ಎದುರುಗೊಂಡು ಊಟ ಹಾಕಿದರು. ಎಂಟು ದಿನದ ನಡಿಗೆ. ಕಾಲಿನ ಬೊಬ್ಬೆಗಳು ಒಬ್ಬೊಬ್ಬರನ್ನೇ ವಾಹನ ಹತ್ತಿಸಿದುವು; ಸಂಪಾದಕರೂ ಹತ್ತಿದರು. ಮಾರ್ಚ್ 27ರಂದು ಕೊನೆಮುಟ್ಟಿದಾಗ ಪೂರ್ತಿ ದಾರಿ ಕಾಲಲ್ಲೇ ಬಂದವರು ನ್ಯಾಯಮೂರ್ತಿಯೂ ಸೇರಿ ಒಂಬತ್ತು ಮಂದಿ. ಪತ್ರಿಕೆ ಮಾತು ತಿದ್ದಿಕೊಂಡಿತು: ಕಾಲುವೆಯ ಬಹುಭಾಗ ಇದ್ದಂತೆಯೇ ಇರಲಿ ಎಂದು ಬರೆಯಿತು. ಅಷ್ಟರಿಂದಲೇ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಸಮಿತಿಗಳು, ಮಸೂದೆಗಳು, ನದಿಗೆ ಅಣೆಕಟ್ಟು ಕಟ್ಟುವ ಯೋಜನೆಗಳು ಎಂದು ಹದಿನೇಳು ವರ್ಷ ಹಿಡಿಯಿತು. 1961ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಧಿಕಾರ ಬಿಡುವ ಎರಡು ದಿನ ಮುಂಚೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. 1971ರ ಜನವರಿ 8ರಂದು ಅಧ್ಯಕ್ಷ ನಿಕ್ಸನ್ ಸಹಿಯೊಡನೆ ಇಡೀ ದಾರಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. 1977ರಲ್ಲಿ ಅದನ್ನು ಡಗ್ಲಾಸರ ಹೆಸರಿಗೆ ಅರ್ಪಿಸಿದರು.

ಕಾರಿಲ್ಲದ ಈ ದಾರಿಯಲ್ಲಿ ಈಗ ಏನೇನು ಕಾಣುತ್ತದೆ? ನದಿಯಂಚಿನಲ್ಲಿ ಸಿಕಮೋರ್ ಮರಗಳು, ತೊಗಟೆ ಕಳಚಿ ಮೂಳೆಯಂತೆ ಬಿಳುಪಾದ ಕೊಂಬೆಗಳು. ಕೆಂಪು ಮೇಪಲ್, ಹೊನ್ನಿನ ಬಣ್ಣದ ಟ್ಯೂಲಿಪ್ ಮರ, ಕಲ್ಲುಗೋಡೆಗಳ ಮೇಲೆ ರಕ್ತಗೆಂಪಾದ ಬಳ್ಳಿ. ಕೊರಡಿನ ಮೇಲೆ ಸಾಲಾಗಿ ಬಿಸಿಲು ಕಾಯಿಸುವ ಆಮೆಗಳು. ಒಂಟಿಕಾಲಿನಲ್ಲಿ ನಿಂತ ದೊಡ್ಡ ನೀಲಿ ಬಕ. ಮರಗಳ ನೆರಳಿನಲ್ಲಿ ಅಗಲವಾದ ಎಲೆಯ ಪುಟ್ಟ ಮರವೊಂದು ಗುಂಪುಗುಂಪಾಗಿ ನಿಂತು ಅಚ್ಚ ಹಳದಿಯಾಗಿರುತ್ತದೆ. ಅದರ ಹೆಸರು ಪಾಪಾ. ಸೆಪ್ಟೆಂಬರಿನಲ್ಲಿ ಹಣ್ಣಾಗುತ್ತದೆ. ಹಣ್ಣನ್ನು ಬಿಡಿಸಿದರೆ ಒಳಗೆ ಮೆತ್ತನೆಯ ಸಿಹಿ ತಿರುಳು, ದಪ್ಪದಪ್ಪ ಕಂದು ಬೀಜ. ನಮಗೆ ಗುರುತು ಹತ್ತದೆ ಇರದು: ಅದು ಸೀತಾಫಲದ ಕುಲಕ್ಕೇ ಸೇರಿದ್ದು. ನಮ್ಮ ಸೀತಾಫಲವೂ ಮೂಲತಃ ಅಮೆರಿಕ ಖಂಡದಿಂದಲೇ ಬಂದದ್ದಲ್ಲವೇ?

ಈ ಹಣ್ಣಿನ ಹೆಸರನ್ನೇ ಹೊತ್ತ ಊರಿನ ಬಳಿ ಪಾಪಾ ಸುರಂಗವಿದೆ. ನದಿ ಅಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಆರು ಮೈಲಿ ಸುತ್ತು ಉಳಿಸಲೆಂದು ಬೆಟ್ಟವನ್ನೇ ಕೊರೆದರು. ಲೀ ಮಾಂಟ್ಗೊಮರಿ ಎಂಬ ಗುತ್ತಿಗೆದಾರ, ಇವನು ಪಾದ್ರಿಯೂ ಹೌದು, ಎರಡೇ ವರ್ಷದಲ್ಲಿ ಮುಗಿಸುವೆನೆಂದು 1836ರಲ್ಲಿ ಕೈಹಾಕಿದ. ಕಲ್ಲು ಪದರಪದರವಾಗಿ ಕುಸಿಯುತ್ತಿತ್ತು, ಕೂಲಿ ನಿಂತು ದಂಗೆಗಳಾದುವು, ಹಣ ಮುಗಿದು ಕೆಲಸವೇ ನಿಂತಿತು, ಗುತ್ತಿಗೆದಾರ ಹಾಳಾದ. 3,118 ಅಡಿಯ ಸುರಂಗ ಸಿದ್ಧವಾದದ್ದು 1850ರಲ್ಲಿ. ಒಳಗೋಡೆಗೆ ಹಿಡಿಸಿದ ಇಟ್ಟಿಗೆ ಅರವತ್ತು ಲಕ್ಷಕ್ಕೆ ಮಿಗಿಲು. ಒಳಗೆ ಎರಡು ದೋಣಿ ಎದುರಾದರೆ ದಾರಿಯಿಲ್ಲ. ಹೀಗೆ ಎದುರಾದ ಇಬ್ಬರು ಯಜಮಾನರು ನೀನು ಹಿಂದೆ ಸರಿ ನೀನು ಹಿಂದೆ ಸರಿ ಎಂದು ದಿನಗಟ್ಟಲೆ ಹಟಹಿಡಿದು ಕೂತರೆಂದೂ, ಕೊನೆಗೆ ಕಾಲುವೆಯ ಅಧಿಕಾರಿ ಹಸಿ ಜೋಳದ ಕಡ್ಡಿಗೆ ಬೆಂಕಿಯಿಟ್ಟು ಹೊಗೆಹಾಕಿ ಹೊರಡಿಸಿದನೆಂದೂ ಒಂದು ಕತೆಯಿದೆ.

ಕೈದೀಪ ಮರೆಯದೆ ಒಳಗೆ ಹೋಗಿ. ನಡುವೆ ದೀಪ ಆರಿಸಿದರೆ ಎರಡು ತುದಿಯಲ್ಲೂ ಕಾಸಿನಗಲದ ಬೆಳಕು ಮಾತ್ರ. ಕಟಾಂಜನದ ಮರವನ್ನು ಕೈಯಿಂದ ಸವರಿನೋಡಿ; ಇಲ್ಲಿಯೂ ಹಗ್ಗದ ಗೀರು. ಹೊರಬರುವಾಗ ಸುರಂಗದ ಕಪ್ಪು ಕಮಾನನ್ನೇ ಚೌಕಟ್ಟಾಗಿಟ್ಟು ಆಚೆಯ ಹಳದಿ ಬೆಟ್ಟವನ್ನು ಹಿಡಿದರೆ ಒಳ್ಳೆಯ ಚಿತ್ರ ಬರುತ್ತದೆ. ಸಾವಿರಾರು ಮಂದಿ ಅದೇ ಚಿತ್ರವನ್ನು ತೆಗೆದಿದ್ದಾರೆ. ನೀವೂ ತೆಗೆದರೆ ನಷ್ಟವೇನಿಲ್ಲ.

ಅಲ್ಲಿಂದ ಕಂಬರ್‌ಲೆಂಡ್ ಇಪ್ಪತ್ತೆಂಟು ಮೈಲಿಯಷ್ಟು. ಕಾಲುವೆ ಅಲ್ಲಿಗೆ ಮುಗಿದರೂ ಹಾದಿ ಈಗ ಅಲ್ಲಿಗೆ ಮುಗಿಯುವುದಿಲ್ಲ. ಆ ಬೆಟ್ಟಗಳಲ್ಲಿ ಓಡುತ್ತಿದ್ದ ಕೆಲವು ರೈಲುಮಾರ್ಗಗಳೂ ಕಾಲಾಂತರದಲ್ಲಿ ನಷ್ಟವಾಗಿ ನಿಂತುಹೋದುವು. ಅವುಗಳ ಕಂಬಿ ಕಿತ್ತು, ಮಟ್ಟಮಾಡಿ, ಸೈಕಲ್ ದಾರಿ ಮಾಡಿದರು. 2013ರಲ್ಲಿ ಅದು ಪೂರ್ತಿಯಾಯಿತು. ಕಂಬರ್‌ಲೆಂಡಿನಿಂದ 150 ಮೈಲಿ, ಬೆಟ್ಟ ಹತ್ತಿ ಇಳಿದು, ಓಹಾಯೋ ನದಿ ಹುಟ್ಟುವ ಪಿಟ್ಸ್‌ಬರ್ಗ್ ನಗರದವರೆಗೆ. ಜಾರ್ಜ್‌ಟೌನಿನಲ್ಲಿ ಸೈಕಲ್ ಹತ್ತಿದವರು ವಾರದೊಳಗೆ ಅಲ್ಲಿ ಇಳಿಯುತ್ತಾರೆ. ಅರ್ಧ ದಾರಿ ಹೇಸರಗತ್ತೆಗಳದು, ಅರ್ಧ ದಾರಿ ರೈಲಿನದು.